ಸಿಂಕಿನ ಅಡಿಯ ನೆರಿಗೆ ಪೈಪು: 800 ಮಿ.ಮೀ ತೆಗೆದು 170 ಮಿ.ಮೀ ಹಾಕಿದ ಕೆಲಸ

ಕೆಲಸ ಅಡುಗೆಮನೆ ಸಿಂಕಿನದು. ದೂರು ಮೂರು. ನೀರು ನಿಧಾನವಾಗಿ ಇಳಿಯುತ್ತದೆ, ಕೊನೆಯ ನೀರು ಇಳಿಯುವಾಗ ಗೊಳಗೊಳ ಸದ್ದು ಬರುತ್ತದೆ, ಬೆಳಿಗ್ಗೆ ಸಿಂಕಿನ ಕೆಳಗಿನ ಬಾಗಿಲು ತೆಗೆದರೆ ನಾತ. ಸೋರಿಕೆ ಮಾತ್ರ ಒಂದು ಹನಿಯೂ ಇಲ್ಲ. ಸೋರದ ಪೈಪನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ಹಾಗಾಗಿ ಇಂಥ ಜೋಡಣೆಗಳು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತವೆ.

ಒಳಗೆ ಇದ್ದದ್ದು ಇಷ್ಟು: ಸಿಂಕಿನ ವೇಸ್ಟ್ ಕಪ್ಲಿಂಗಿನಿಂದ (ತಳದಲ್ಲಿ ನೀರು ಇಳಿಯುವ ಬಾಯಿ) ಗೋಡೆಯ ಪೈಪಿನವರೆಗೆ ಒಂದೇ ನೆರಿಗೆ ಪೈಪು, ಅಂದರೆ ಎಳೆದರೆ ಹಿಗ್ಗುವ ಫ್ಲೆಕ್ಸಿಬಲ್ ಪೈಪು, ಎಳೆದು ಅಳೆದರೆ ಸುಮಾರು 800 ಮಿ.ಮೀ. ಬೇಕಾದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಿಕ್ಕ ಉದ್ದವನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಗ್ಗಿಸಿ ತಂತಿ ಸುತ್ತಿದ್ದಾರೆ. ಆ ಬಾಗೇ ಟ್ರ್ಯಾಪ್, ಅಂದರೆ ಸ್ವಲ್ಪ ನೀರು ನಿಲ್ಲಿಸಿಕೊಂಡು ಚರಂಡಿಯ ಗಾಳಿಯನ್ನು ತಡೆಯುವ ಬಾಗು, ಎಂಬ ಲೆಕ್ಕ. ಬಾಗಿನ ನಂತರ ಪೈಪು ಗೋಡೆಯ ಕಡೆ ಹೋಗುವಾಗ ನಡುವೆ ಜೋತುಬಿದ್ದು, ಮತ್ತೆ ಮೇಲೆ ಹತ್ತಿ ಗೋಡೆಯ ಪೈಪಿನ ಬಾಯಿಗೆ ತುರುಕಿಕೊಂಡಿದೆ. ಸಂದಿಗೆ ಬಟ್ಟೆ ಚಿಂದಿ, ಅದರ ಮೇಲೆ ಟೇಪು.

ಕೈಯಲ್ಲಿ ಮಾಡಿದ ಈ ಬಾಗು ಟ್ರ್ಯಾಪಿನ ಕೆಲಸ ಮಾಡುವುದಿಲ್ಲ, ಅದಕ್ಕೆ ಎರಡು ಕಾರಣ. ಟ್ರ್ಯಾಪಿನಲ್ಲಿ ನಿಲ್ಲುವ ನೀರು, ಅಂದರೆ ಸೀಲ್, ಕನಿಷ್ಠ 50 ಮಿ.ಮೀ ಆಳ ಇರಬೇಕು. ತಂತಿ ಸಡಿಲವಾದಂತೆ ಬಾಗು ಬಿಚ್ಚಿಕೊಳ್ಳುತ್ತದೆ, ಸೀಲ್ ಆಳ ಕಡಿಮೆಯಾಗುತ್ತದೆ. ಇಲ್ಲಿ ಉಳಿದದ್ದು ಎರಡು ಬೆರಳು ಅಗಲಕ್ಕಿಂತ ಕಡಿಮೆ. ಎರಡನೆಯ ಕಾರಣ ಆಕಾರದ್ದು. ಬಾಗಿನ ನಂತರ ಪೈಪು ನೇರ ಕೆಳಗೆ ಇಳಿದರೆ, ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟಾಗ ಆ ಇಳಿಯುವ ಭಾಗ ಪೂರ್ತಿ ನೀರಿನಿಂದ ತುಂಬಿ ಹಿಂದಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗೊಳಗೊಳ ಸದ್ದು ಅದೇ. ಸೀಲ್ ನೀರು ಹೋದ ಮೇಲೆ ಗಾಳಿ ಒಳನುಗ್ಗುವ ಸದ್ದು. ಆಮೇಲೆ ರಾತ್ರಿಯಿಡೀ ಚರಂಡಿಯ ಗಾಳಿಗೆ ದಾರಿ ತೆರೆದೇ ಇರುತ್ತದೆ. ಎಸ್ ಆಕಾರದ ಟ್ರ್ಯಾಪನ್ನು ಗಟ್ಟಿ ಪೈಪಿನಲ್ಲಿ ಮಾಡಿದರೂ ಹಲವು ದೇಶಗಳ ಪ್ಲಂಬಿಂಗ್ ನಿಯಮ ಒಪ್ಪದಿರುವುದು ಈ ಕಾರಣಕ್ಕೆ.

ಬಿಚ್ಚಿದ್ದು

ಅಡಿಯಲ್ಲಿ ಅಗಲ ಬಾಯಿಯ ಟಬ್ ಇಟ್ಟುಕೊಳ್ಳಿ, ಬಕೆಟ್ ಹಿಡಿಸುವುದಿಲ್ಲ. ಜೋತುಬಿದ್ದ ಪೈಪಿನಲ್ಲಿ ಎಷ್ಟು ನೀರಿರುತ್ತದೆ ಎಂಬ ಅಂದಾಜು ಮೊದಲೇ ಇದ್ದರೆ ಒಳ್ಳೆಯದು. 40 ಮಿ.ಮೀ ಒಳವ್ಯಾಸದ ಪೈಪು ಪ್ರತಿ ಸೆಂಟಿಮೀಟರಿಗೆ ಸುಮಾರು 12.5 ಮಿ.ಲೀ ಹಿಡಿಯುತ್ತದೆ. 30 ಸೆಂ.ಮೀ ಜೋತು ಇದ್ದರೆ ಲೀಟರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಳಕು ನೀರು. ಮೊದಲು ಮೇಲಿನ ನಟ್ ಸಡಿಲಿಸಿ, ಪೈಪಿನ ಬಾಯಿಯನ್ನು ಮೇಲೆತ್ತಿಯೇ ಹಿಡಿದುಕೊಂಡು ಗೋಡೆಯ ಕಡೆಯದನ್ನು ಎಳೆಯಿರಿ. ತಂತಿ ಕೊನೆಗೆ.

ತೆಗೆದ ಪೈಪನ್ನು ಉದ್ದಕ್ಕೆ ಸೀಳಿ ನೋಡಿದರೆ ನಿಧಾನಕ್ಕೆ ಕಾರಣ ಕಣ್ಣಿಗೇ ಕಾಣುತ್ತದೆ. ನೇರವಾಗಿ ಇಳಿದ ಮೇಲ್ಭಾಗದ ನೆರಿಗೆಗಳಲ್ಲಿ ತೆಳುವಾದ ಕಪ್ಪು ಲೋಳೆ ಮಾತ್ರ. ಜೋತುಬಿದ್ದ ಭಾಗದಲ್ಲಿ ತಳದ ನೆರಿಗೆಗಳು ಪೂರ್ತಿ ತುಂಬಿ ಮಟ್ಟಸವಾಗಿದ್ದವು. ಹೊರಗೆ ಬೂದು ಬಣ್ಣ, ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಎದ್ದು ಬರುವ ಜಿಡ್ಡು, ಅದರೊಳಗೆ ಮರಳಿನಂಥ ಕಾಳು. ಪೈಪಿನ ಮಧ್ಯೆ ನೀರು ಓಡುತ್ತಿದ್ದರೂ ನೆರಿಗೆಯ ಒಳಗೆ ಅದು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಬೆಚ್ಚಗೆ ಬಂದ ಎಣ್ಣೆ ಅಲ್ಲಿ ತಣ್ಣಗಾಗಿ ಹಿಡಿದುಕೊಳ್ಳುತ್ತದೆ. ಗಡಸು ನೀರಾದರೆ ಅದರ ಸುಣ್ಣದಂಶ ಸೋಪಿನ ಜೊತೆ ಸೇರಿ ಇನ್ನೊಂದು ಪದರ. ನಯವಾದ ಪೈಪಿನಲ್ಲಿ ಈ ಮೂಲೆಯೇ ಇಲ್ಲ.

ಅಂದರೆ ಈ ಪೈಪು ಕೆಟ್ಟದ್ದು ಎಂದೇನೂ ಅಲ್ಲ. ಎರಡು ಗಟ್ಟಿ ಪೈಪುಗಳ ಬಾಯಿ ಒಂದಕ್ಕೊಂದು ಎದುರು ಬರದಿದ್ದಾಗ ಆ ಅಂತರವನ್ನು ಸರಿದೂಗಿಸುವುದು ಅದರ ಕೆಲಸ. ಟ್ರ್ಯಾಪ್ ಆಗುವುದು, ದೂರ ಸಾಗಿಸುವುದು, ಏರು ಹತ್ತಿಸುವುದು ಅದರ ಕೆಲಸ ಅಲ್ಲ. ಅದು ಇರಬೇಕಾದದ್ದು ಹೀಗೆ: ಟ್ರ್ಯಾಪಿನ ನಂತರ, ಗಿಡ್ಡ, ಎಳೆದು ಕೂರಿಸಿದ್ದು, ಒಳ್ಳೆಯ ವಾಟದಲ್ಲಿ (ಇಳಿಜಾರಿನಲ್ಲಿ) ಇರುವ ತುಂಡು. ಕೆಳಗಿನ ಕೆಲಸವೆಲ್ಲ ಆ ತುಂಡನ್ನು ಎಷ್ಟು ಗಿಡ್ಡ ಮಾಡಬಹುದು ಎಂಬುದರ ಸುತ್ತಲೇ.

ಅಳತೆ

ಎಲ್ಲ ಅಳತೆಯೂ ಪೈಪಿನ ಮಧ್ಯಬಿಂದುವಿನಿಂದ. ಸಿಂಕಿನ ವೇಸ್ಟ್ ಮಧ್ಯದಿಂದ ತೂಗುಗುಂಡು ಇಳಿಬಿಟ್ಟರೆ ಕೆಲಸ ಸುಲಭ. ಗುಂಡು ಇಲ್ಲದಿದ್ದರೆ ದಾರಕ್ಕೆ ಕಟ್ಟಿದ ನಟ್ ಸಾಕು.

ವೇಸ್ಟ್ ಕಪ್ಲಿಂಗಿನ ತಳ ನೆಲದಿಂದ 640 ಮಿ.ಮೀ. ಗೋಡೆಯ ಪೈಪಿನ ಮಧ್ಯ 430 ಮಿ.ಮೀ. ಸಿಂಕಿನ ಮಧ್ಯದಿಂದ ಗೋಡೆಗೆ 380 ಮಿ.ಮೀ. ಗೋಡೆಯ ಪೈಪು ಸಿಂಕಿನ ಮಧ್ಯಕ್ಕಿಂತ ಎಡಕ್ಕೆ 110 ಮಿ.ಮೀ ಸರಿದಿದೆ. ಗೋಡೆಯಿಂದ ಹೊರಗೆ ಬಂದಿರುವುದು 50 ಮಿ.ಮೀ ಪಿವಿಸಿ ಪೈಪಿನ 40 ಮಿ.ಮೀ ಉದ್ದದ ಮೊಂಡು.

ಗೋಡೆಯ ಬಾಯಿ ಸಾಕಷ್ಟು ಕೆಳಗಿರುವುದು ಇಲ್ಲಿನ ಅದೃಷ್ಟ. ಆಳದ ಸಿಂಕ್ ಹಾಕಿದ ಮನೆಗಳಲ್ಲಿ ವೇಸ್ಟಿನ ತಳವೂ ಗೋಡೆಯ ಬಾಯಿಯೂ ಒಂದೇ ಎತ್ತರಕ್ಕೆ ಬಂದುಬಿಡುತ್ತವೆ. ಆಗ ಯಾವ ಪೈಪು ತಂದರೂ ಪ್ರಯೋಜನವಿಲ್ಲ, ಗೋಡೆ ಒಡೆದು ಬಾಯಿಯನ್ನೇ ಕೆಳಗಿಳಿಸಬೇಕು. ನೆರಿಗೆ ಪೈಪು ಎತ್ತ ಬೇಕಾದರೂ ಬಗ್ಗುತ್ತದೆ, ನೀರು ಬಗ್ಗುವುದಿಲ್ಲ.

ವ್ಯಾಸದ ವಿಷಯದಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಸಿಂಕಿನ ವೇಸ್ಟ್ ಮರೆ (ನಟ್ ಕೂರುವ ತಿರುಪಿನ ಸುತ್ತು) ಸಾಮಾನ್ಯವಾಗಿ 1½ ಇಂಚಿನದು, ವಾಶ್ ಬೇಸಿನ್ನಿನದು 1¼ ಇಂಚು. ಈ ಇಂಚು ಮರೆಯ ಹೆಸರು, ಟೇಪು ಹಿಡಿದರೆ ಸಿಗುವ ಅಳತೆ ಅಲ್ಲ. 1½ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪು ಮರೆಯ ಅಳತೆ ಪದ್ಧತಿ) ಮರೆಯ ಹೊರವ್ಯಾಸ 47.8 ಮಿ.ಮೀ, 1¼ ಇಂಚಿನದು 41.9 ಮಿ.ಮೀ. ಬೇಸಿನ್ನಿನ ಮರೆ ಅಳೆದು 42 ಬಂತೆಂದು 40 ಮಿ.ಮೀ ಟ್ರ್ಯಾಪ್ ತಂದರೆ ನಟ್ ಲೊಡಲೊಡ ಆಡುತ್ತದೆ, ಅಲ್ಲಿ ಬೇಕಾದದ್ದು 32ರ ಟ್ರ್ಯಾಪ್. 48ರ ಹತ್ತಿರ ಬಂದರೆ 40ರದು. ಇದೊಂದು ನೆನಪಿದ್ದರೆ ಅಂಗಡಿಗೆ ಎರಡನೇ ಸಲ ಹೋಗುವುದು ತಪ್ಪುತ್ತದೆ.

ಎಡಕ್ಕೆ ಸರಿದ 110 ಮಿ.ಮೀ

ಈ 110 ನೋಡಿಯೇ ಮೊದಲು ಉದ್ದದ ನೆರಿಗೆ ಪೈಪು ಹಾಕಿರಬೇಕು. ಆದರೆ ನಟ್ ಮಾದರಿಯ ಪಿ-ಟ್ರ್ಯಾಪಿಗೆ (ನೀರನ್ನು ಅಡ್ಡಕ್ಕೆ, ಗೋಡೆಯ ಕಡೆ ಬಿಡುವ ಟ್ರ್ಯಾಪ್) ತಿರುಗುವ ಕೀಲು ಎರಡಿವೆ. ಯು ಬೆಂಡ್ ಮೇಲಿನ ಪೈಪಿನ ಸುತ್ತ ತಿರುಗುತ್ತದೆ, ಅದರ ಇನ್ನೊಂದು ಕಾಲಿನ ಮೇಲೆ ಕೂರುವ ಎಲ್ಬೋ (ಮೊಣಕೈಯಂಥ ಬಾಗು) ತನ್ನ ಪಾಡಿಗೆ ತಿರುಗುತ್ತದೆ. ಇಲ್ಲಿ ತಂದ ಟ್ರ್ಯಾಪಿನಲ್ಲಿ ಯು ಬೆಂಡಿನ ಎರಡು ಕಾಲುಗಳ ಮಧ್ಯದ ಅಂತರ 80 ಮಿ.ಮೀ. ಯು ಬೆಂಡನ್ನು ಗೋಡೆಯ ಕಡೆಗೆ ತಿರುಗಿಸುವ ಬದಲು ಪೂರ್ತಿ ಎಡಕ್ಕೆ ತಿರುಗಿಸಿ, ಎಲ್ಬೋವನ್ನು ಮಾತ್ರ ಗೋಡೆಗೆ ಮುಖ ಮಾಡಿಸಿದರೆ 110ರಲ್ಲಿ 80 ಅಲ್ಲೇ ಮುಗಿಯಿತು. ಒಂದೂ ಹೊಸ ಫಿಟಿಂಗ್ ಬೇಕಾಗಲಿಲ್ಲ.

ಉಳಿದದ್ದು 30 ಮಿ.ಮೀ. ಇದನ್ನು ಎರಡು 45 ಡಿಗ್ರಿ ಎಲ್ಬೋಗಳಲ್ಲಿ ಮುಗಿಸಬಹುದೇ ಎಂದು ಲೆಕ್ಕ ಹಾಕಿದ್ದು ಹೀಗೆ: ಸರಿದ ಅಂತರವನ್ನು 1.414ರಿಂದ ಗುಣಿಸಿದರೆ ಎರಡು ಎಲ್ಬೋಗಳ ಮಧ್ಯದ ಓರೆ ಅಂತರ ಸಿಗುತ್ತದೆ. 30ಕ್ಕೆ ಅದು 42 ಮಿ.ಮೀ. 40 ಮಿ.ಮೀ ಫಿಟಿಂಗಿನ ಒಂದು ಸಾಕೆಟ್ (ಪೈಪು ಒಳಗೆ ಕೂರುವ ಬಾಯಿ) ಆಳವೇ 26 ಮಿ.ಮೀ, ಎದುರುಬದುರು ಎರಡು ಸಾಕೆಟ್ ಎಂದರೆ 52. 42ರೊಳಗೆ ಅವು ಕೂರುವುದಿಲ್ಲ. ಸರಿದಿದ್ದು 60 ಅಥವಾ 70 ಆಗಿದ್ದರೆ ಗಟ್ಟಿ ಎಲ್ಬೋಗಳೇ ಸರಿಯಾದ ದಾರಿ, ನೆರಿಗೆ ಪೈಪಿನ ಮಾತೇ ಬೇಡ. 30ರಂಥ ಸಣ್ಣ, ಫಿಟಿಂಗಿಗೆ ಸಿಗದ ಅಂತರದಲ್ಲೇ ಅದು ನಿಜವಾಗಿ ಬೇಕಾಗುವುದು.

ತಂದ ಸಾಮಾನು

40 ಮಿ.ಮೀ ಪಿ-ಟ್ರ್ಯಾಪ್ ಒಂದು, ಸೀಲ್ ಆಳ 75 ಮಿ.ಮೀ. 300 ಮಿ.ಮೀ ಉದ್ದದ, ಮೇಲೆ 1½ ಇಂಚಿನ ನಟ್ ಇರುವ ಟೇಲ್ ಪೀಸ್ (ವೇಸ್ಟಿನಿಂದ ಟ್ರ್ಯಾಪಿಗೆ ಇಳಿಯುವ ನೇರ ಪೈಪು) ಒಂದು. 50ರಿಂದ 40ಕ್ಕೆ ಪಿವಿಸಿ ರೆಡ್ಯೂಸರ್ ಒಂದು, 40 ಮಿ.ಮೀ ಪಿವಿಸಿ ಪೈಪಿನ ಗೇಣುದ್ದ ತುಂಡು, ಎರಡೂ ಕಡೆ ನಟ್-ವಾಷರ್ ಇರುವ 40 ಮಿ.ಮೀ ಕಪ್ಲರ್ ಒಂದು. ನೆರಿಗೆ ಪೈಪು ಒಂದು: ಕುಗ್ಗಿದಾಗ ನೆರಿಗೆ ಭಾಗ 90 ಮಿ.ಮೀ, ಪೂರ್ತಿ ಎಳೆದಾಗ 190, ಎರಡೂ ತುದಿ ನಯವಾದ 40 ಮಿ.ಮೀ ಕೊಳವೆ. ಒಂದು ಕಡೆ ಸಣ್ಣದಾಗುತ್ತಾ ಹೋಗುವ ಕಪ್ಪು ರಬ್ಬರ್ ವಾಷರ್ ಹೆಚ್ಚುವರಿ ಎರಡು. ಗೋಡೆಗೆ ಪೈಪು ಹಿಡಿಸುವ ಕ್ಲಾಂಪ್ ಒಂದು. ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟು) ಸಣ್ಣ ಡಬ್ಬಿ.

ತುದಿ ನಯವಾಗಿರಬೇಕು ಎಂಬುದನ್ನು ಮರೆಯಬೇಡಿ. ಉದ್ದದ ಪೈಪು ತಂದು ನೆರಿಗೆಯ ನಡುವೆ ಕತ್ತರಿಸಿದರೆ ಆ ತುದಿಯನ್ನು ಯಾವ ವಾಷರೂ ಮುಚ್ಚುವುದಿಲ್ಲ. ವಾಷರ್ ಉರುಟಾದ ನಯ ಮೈಯ ಮೇಲೆ ಮಾತ್ರ ಹಿಡಿಯುತ್ತದೆ. ಕೆಲವು ಪೈಪುಗಳ ತುದಿ ಮೆಟ್ಟಿಲು ಮೆಟ್ಟಿಲಾಗಿ 32, 40, 50 ಎಂದಿರುತ್ತದೆ, ಬೇಕಾದ ಮೆಟ್ಟಿಲಿನ ಅಂಚಿಗೆ ಕತ್ತರಿಸಬಹುದು. ಅಲ್ಲಿ ಮಾತ್ರ.

ಸಾಲ್ವೆಂಟ್ ಸಿಮೆಂಟ್ ಗೋಡೆಯ ಕಡೆಯ ಪಿವಿಸಿಗೆ ಮಾತ್ರ. ಹೆಚ್ಚಿನ ನೆರಿಗೆ ಪೈಪುಗಳು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್. ಮೈಮೇಲೆ ಪಿಪಿ, ಪಿಇ ಎಂದು ಅಚ್ಚು ಇರುತ್ತದೆ. ಇವಕ್ಕೆ ಪಿವಿಸಿ ಅಂಟು ಅಂಟುವುದಿಲ್ಲ. ಹಚ್ಚಿದ ದಿನ ಗಟ್ಟಿ ಹಿಡಿದಂತೆ ಕಾಣುತ್ತದೆ, ಆಮೇಲೆ ಸಿಪ್ಪೆ ಸುಲಿದ ಹಾಗೆ ಬರುತ್ತದೆ.

ಜೋಡಣೆ

ಗೋಡೆಯ ಕಡೆಯಿಂದ ಆರಂಭ, ಅಂಟು ಒಣಗಲು ಹೊತ್ತು ಬೇಕಲ್ಲ. ಮೊಂಡಿನ ಬಾಯಿಯ ಹಳೆಯ ಟೇಪು, ಜಿಡ್ಡು ಪೂರ್ತಿ ತೆಗೆದು, ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಒಣಗಿಸಿ. ಒದ್ದೆ ಪೈಪಿಗೆ ಅಂಟು ಹಚ್ಚುವುದು ವ್ಯರ್ಥ. ರೆಡ್ಯೂಸರ್ ಕೂರಿಸಿ, ಅದಕ್ಕೆ 40ರ ತುಂಡು. ಒಳಗೆ ತಳ್ಳುತ್ತಲೇ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನೀರು ಹರಿಯುವ ದಿಕ್ಕಿನಲ್ಲಿ ವ್ಯಾಸ ಹೆಚ್ಚಾಗಬಹುದು, ಕಡಿಮೆ ಆಗಬಾರದು. ಇಲ್ಲಿ 40ರಿಂದ 50ಕ್ಕೆ ಹೋಗುತ್ತಿದೆ, ಸರಿ. ಎಷ್ಟು ಹೊತ್ತು ಬಿಡಬೇಕು ಎಂಬುದಕ್ಕೆ ಡಬ್ಬಿಯ ಮೇಲೆ ಬರೆದದ್ದೇ ಪ್ರಮಾಣ. ಆ ತುಂಡಿಗೆ ಕಪ್ಲರ್ ಹಾಕಿದ ಮೇಲೆ ಗೋಡೆಯಿಂದ ಕಪ್ಲರಿನ ಬಾಯಿಗೆ 150 ಮಿ.ಮೀ ಆಯಿತು.

ಮೇಲೆ ಟೇಲ್ ಪೀಸ್. ಟ್ರ್ಯಾಪಿನ ಎಲ್ಬೋ ಮಧ್ಯ ನೆಲದಿಂದ 440 ಮಿ.ಮೀ ಬರಬೇಕು, ಗೋಡೆಯ ಬಾಯಿಗಿಂತ 10 ಹೆಚ್ಚು. ಟ್ರ್ಯಾಪನ್ನು ಆ ಎತ್ತರದಲ್ಲಿ ಮರದ ತುಂಡುಗಳ ಮೇಲೆ ನಿಲ್ಲಿಸಿ, ಟೇಲ್ ಪೀಸ್ ಪಕ್ಕಕ್ಕೆ ಹಿಡಿದು ಗುರುತು ಹಾಕಿ. ಯು ಬೆಂಡಿನ ನಟ್ಟಿನ ಅಂಚಿನಿಂದ ಒಳಗೆ 30 ಮಿ.ಮೀ ಹೋಗುವಂತೆ ಕತ್ತರಿಸಬೇಕು. 10 ಮಾತ್ರ ಹೋದರೆ ಸ್ವಲ್ಪ ಓರೆಯಾದರೂ ವಾಷರ್ ಬಿಟ್ಟುಕೊಡುತ್ತದೆ. 60 ಹೋದರೆ ಪೈಪು ಯು ಬೆಂಡಿನ ಬಾಗಿಗೆ ತಾಗಿ ನೀರಿನ ದಾರಿ ಕಿರಿದಾಗುತ್ತದೆ. ಹ್ಯಾಕ್ಸಾದಲ್ಲಿ ಕೊಯ್ದ ಮೇಲೆ ಸಿಬಿರು ಒಳಗೂ ಹೊರಗೂ ತೆಗೆಯಿರಿ. ಹೊರಗಿನ ಸಿಬಿರು ವಾಷರನ್ನು ಗೀರುತ್ತದೆ, ಒಳಗಿನದು ಕೂದಲು ನಾರು ಹಿಡಿಯುವ ಕೊಕ್ಕೆಯಾಗುತ್ತದೆ.

ವಾಷರಿನ ದಿಕ್ಕು ಕೆಲಸದ ಜೀವ. ಮೊದಲು ನಟ್, ಆಮೇಲೆ ವಾಷರ್, ಈ ಕ್ರಮದಲ್ಲಿ ಪೈಪಿಗೆ ಏರಿಸಿ. ವಾಷರಿನ ಸಣ್ಣ ಮುಖ ಪೈಪು ಒಳಹೋಗುವ ಬಾಯಿಯ ಕಡೆ, ದಪ್ಪ ಮುಖ ನಟ್ಟಿನ ಕಡೆ. ನಟ್ ಬಿಗಿದಂತೆ ಆ ಬೆಣೆಯಾಕಾರ ಸಂದಿಯೊಳಗೆ ನುಗ್ಗಿ ಪೈಪನ್ನು ಅಪ್ಪಿಕೊಳ್ಳುತ್ತದೆ. ತಿರುಗಿಸಿ ಹಾಕಿದರೆ ನಟ್ ಪೂರ್ತಿ ಬಿಗಿಯಾದಂತೆ ಕೈಗೆ ಅನ್ನಿಸುತ್ತದೆ, ಹನಿ ನಿಲ್ಲುವುದಿಲ್ಲ. ಆಗ ಎಲ್ಲರೂ ಮಾಡುವುದು ಸ್ಪ್ಯಾನರ್ ಹಾಕಿ ಇನ್ನೂ ಬಿಗಿಯುವುದು, ಪ್ಲಾಸ್ಟಿಕ್ ನಟ್ ಸೀಳುವುದು. ಕೈಯಲ್ಲಿ ಆದಷ್ಟು ಬಿಗಿದು, ಮೇಲೆ ಕಾಲು ಸುತ್ತು, ಸಾಕು.

ಈ ನಟ್ಟುಗಳ ಮರೆಗೆ ಟೆಫ್ಲಾನ್ ಟೇಪು ಸುತ್ತುವ ಅಭ್ಯಾಸ ಬಿಡಬೇಕು. ನೀರನ್ನು ತಡೆಯುವುದು ವಾಷರ್, ಮರೆ ಅಲ್ಲ. ಟೇಪು ಸುತ್ತಿದರೆ ನಟ್ ಬೇಗ ಬಿಗಿಯಾದಂತಾಗಿ ವಾಷರ್ ಪೂರ್ತಿ ಕೂರದೆ ಹೋಗಬಹುದು. ವಾಷರಿಗೆ ಬೇಕಾದದ್ದು ಒಂದು ಹನಿ ಪಾತ್ರೆ ತೊಳೆಯುವ ಸೋಪು, ತಿರುಚಿಕೊಳ್ಳದೆ ಜಾರಿ ಕೂರಲು. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಆಯಿಲ್ ಹಚ್ಚಬೇಡಿ, ಹಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗುತ್ತದೆ.

ಈಗ ನೆರಿಗೆ ಪೈಪು. ಎಲ್ಬೋ ಬಾಯಿಗೂ ಕಪ್ಲರ್ ಬಾಯಿಗೂ ನಡುವೆ ಅಂತರ 170 ಮಿ.ಮೀ. 190ರವರೆಗೆ ಎಳೆಯಬಹುದಾದ ಪೈಪನ್ನು 170ಕ್ಕೆ ಕೂರಿಸಿದರೆ ನೆರಿಗೆಗಳು ಹೆಚ್ಚುಕಡಿಮೆ ಬಿಡಿಸಿಕೊಂಡಿರುತ್ತವೆ. ಆಳ ಕಡಿಮೆ, ಕೊಳೆ ನಿಲ್ಲುವ ಜಾಗ ಕಡಿಮೆ, ಬಗ್ಗಲು ಸ್ವಲ್ಪ ಸಡಿಲವೂ ಉಳಿಯುತ್ತದೆ. ಕುಗ್ಗಿದ ಪೈಪನ್ನು ಹಾಗೇ ಕೂರಿಸಿದರೆ ಮಡಿಕೆಗಳು ಒತ್ತೊತ್ತಾಗಿ, ಆಳವಾಗಿ ಉಳಿಯುತ್ತವೆ. ಅಂಗಡಿಯಿಂದ ಬಂದಂತೆ ಕುಗ್ಗಿಸಿಯೇ ಕೂರಿಸುವುದು ಸಾಮಾನ್ಯ ತಪ್ಪು.

ಎಳೆದ ಪೈಪು ಸ್ಪ್ರಿಂಗಿನಂತೆ ವಾಪಸ್ ಎಳೆಯುತ್ತದೆ, ಅದನ್ನು ಮೊದಲೇ ಸಾಧು ಮಾಡಬೇಕು. ಕುದಿಯದ, ಕೈ ಸುಡುವಷ್ಟು ಬಿಸಿನೀರಿನಲ್ಲಿ ಮುಳುಗಿಸಿ, 180ಕ್ಕೆ ಎಳೆದು ಎರಡು ಮೂರು ನಿಮಿಷ ಹಿಡಿದು, ಎಳೆದಂತೆಯೇ ತಣ್ಣೀರಿಗೆ ಹಾಕಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ವಾಪಸ್ ಎಳೆತ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಹೀಟ್ ಗನ್ ಬೇಡ, ತೆಳು ಗೋಡೆ ಒಂದೇ ಕಡೆ ಕರಗಿ ಬಿಡುತ್ತದೆ. ಚಳಿಯಲ್ಲಿ ಗಡುಸಾದ ಪೈಪನ್ನು ಬಿಸಿ ಮಾಡದೆ ಜಗ್ಗಿದರೆ ಮಡಿಕೆಯ ಅಂಚಿನಲ್ಲಿ ಕೂದಲೆಳೆ ಸೀಳು ಬೀಳುತ್ತದೆ, ಅದು ಸೋರಲು ತಿಂಗಳು ಬೇಕಾಗಬಹುದು.

ಎರಡೂ ತುದಿ 30 ಮಿ.ಮೀ ಒಳಗೆ. ನಟ್ ಬಿಗಿದ ಮೇಲೆ ನಟ್ಟಿನ ಅಂಚಿಗೆ ಸರಿಯಾಗಿ, ಪೈಪಿನ ಸುತ್ತ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ. ಇದು ಆಮೇಲೆ ಕೆಲಸಕ್ಕೆ ಬರುತ್ತದೆ.

ವಾಟ ನೋಡಿ: ಗಟ್ಟಿ ಪೈಪಿಗೆ ಮೀಟರಿಗೆ 20 ಮಿ.ಮೀ ಇಳಿಜಾರು ಸಾಕು. ಆ ಲೆಕ್ಕದಲ್ಲಿ 170ಕ್ಕೆ ಮೂರೂವರೆ ಮಿ.ಮೀ ಆಗುತ್ತದೆ. ನೆರಿಗೆಗೆ ಅದು ಸಾಲದು, ಇಲ್ಲಿ 10 ಕೊಟ್ಟದ್ದು ಅದಕ್ಕೆ. ಸ್ಪಿರಿಟ್ ಲೆವೆಲ್ ನೆರಿಗೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಎರಡು ತುದಿಯ ಎತ್ತರವನ್ನು ನೆಲದಿಂದ ಟೇಪಿನಲ್ಲಿ ಅಳೆಯುವುದೇ ನಂಬಿಕೆಯದು. ತುಂಬಿದ ಪೈಪು ತೂಕಕ್ಕೆ ಜೋಲದಂತೆ ಕಪ್ಲರಿನ ಪಕ್ಕದ ಗಟ್ಟಿ ಪೈಪಿಗೆ ಕ್ಲಾಂಪ್ ಬಿದ್ದಿತು. ನೆರಿಗೆಯ ಮೇಲೆ ಸ್ಟೀಲ್ ಕ್ಲಿಪ್ ಬಿಗಿಯಬಾರದು. ನಯ ತುದಿಯ ಮೇಲೂ ಸ್ಕ್ರೂ ಕ್ಲಿಪ್ ಹೆಚ್ಚು ಬಿಗಿದರೆ ಅದು ಒಳಕ್ಕೆ ಚಪ್ಪಟೆಯಾಗಿ, ಬಿಗಿದಷ್ಟೂ ಸೋರುತ್ತದೆ.

ಪರೀಕ್ಷೆ

ನಲ್ಲಿ ತೆರೆದು ಕೆಳಗೆ ನೋಡಿ ಸರಿಯಿದೆ ಎನ್ನುವುದು ಪರೀಕ್ಷೆ ಅಲ್ಲ. ಸಿಂಕಿಗೆ ಬಿರಡೆ ಹಾಕಿ ತುಂಬಿಸಿ, ಒಮ್ಮೆಲೇ ತೆಗೆಯಿರಿ. ಪೈಪಿನ ಪೂರ್ತಿ ವ್ಯಾಸಕ್ಕೆ ನೀರು ಬಂದಾಗ ಮಾತ್ರ ವಾಷರಿನ ಮೇಲ್ಭಾಗವೂ ಒದ್ದೆಯಾಗುತ್ತದೆ. ನಲ್ಲಿಯ ಹರಿವು ಪೈಪಿನ ತಳದಲ್ಲಷ್ಟೇ ಹರಿದು ಹೋಗುತ್ತದೆ. ಒಣ ಟಿಶ್ಯೂ ಪೇಪರಿನಲ್ಲಿ ಒಂದೊಂದೇ ಕೂಡುಜಾಗ ಒರೆಸಿ, ಮೇಲಿನಿಂದ ಕೆಳಕ್ಕೆ. ಕೆಳಗಿನ ನಟ್ಟಿನಲ್ಲಿ ಕಾಣುವ ಹನಿ ಎಷ್ಟೋ ಸಲ ಮೇಲಿನ ವೇಸ್ಟ್ ಕಪ್ಲಿಂಗಿನಿಂದ ಇಳಿದು ಬಂದದ್ದು. ಮೊದಲ ಸಲ ಎಲ್ಬೋ ನಟ್ಟಿನಲ್ಲಿ ಟಿಶ್ಯೂ ಒದ್ದೆಯಾಯಿತು. ಬಿಚ್ಚಿ ನೋಡಿದರೆ ಪೈಪು ಓರೆಯಾಗಿ ಒಳಹೋಗಿ ವಾಷರ್ ಒಂದು ಬದಿಗೆ ಮಡಚಿಕೊಂಡಿತ್ತು. 30 ಮಿ.ಮೀ ಸರಿಕೆಯನ್ನೆಲ್ಲ ತುದಿಯಲ್ಲೇ ಬಗ್ಗಿಸಿದ್ದರ ಫಲ. ಎರಡೂ ತುದಿಯನ್ನು ಬಾಯಿಗೆ ನೇರ ಇಟ್ಟು, ಬಾಗು ನಡುಭಾಗದಲ್ಲಿ ಬರುವಂತೆ ಕೂರಿಸಿದ ಮೇಲೆ ಒಣಗಿತು.

ಆಮೇಲೆ ಬಿಸಿನೀರು ತುಂಬಿಸಿ ಬಿಟ್ಟು, ಹಿಂದೆಯೇ ತಣ್ಣೀರು. ಹಿಗ್ಗಿ ಕುಗ್ಗುವಾಗ ಸಡಿಲವಾಗುವ ನಟ್ ಇದರಲ್ಲಿ ಸಿಕ್ಕಿಬೀಳುತ್ತದೆ. ಇಲ್ಲಿ ಗೊಳಗೊಳ ಸದ್ದು ಇಲ್ಲ, ತುಂಬಿದ ಸಿಂಕ್ ಸುಳಿ ಕಟ್ಟಿಕೊಂಡು ಇಳಿಯಿತು. ಅಡಿಗೆ ಹಳೆಯ ದಿನಪತ್ರಿಕೆ ಹಾಸಿ 24 ಗಂಟೆ ಬಿಟ್ಟದ್ದಾಯಿತು. ಪತ್ರಿಕೆಯ ಮೇಲೆ ಒಂದು ಹನಿ ಬಿದ್ದು ಒಣಗಿದರೂ ಸುಕ್ಕು ಉಳಿಯುತ್ತದೆ.

ಆ ದಿನ ನೋಡಿದ ಇನ್ನೆರಡು ಪೈಪು

ಅದೇ ಮನೆಯ ವಾಶ್ ಬೇಸಿನ್ನಿಗೆ 32ರ ನೆರಿಗೆ ಪೈಪು, ಕೆಳಗಿನ ತುದಿ ನೆಲದ ಜಾಲಿಯೊಳಗೆ. ನೆಲದ ಟ್ರ್ಯಾಪಿನಲ್ಲಿ ಸೀಲ್ ನೀರು ಇರುವುದರಿಂದ ಬೇಸಿನ್ ಕೆಳಗೆ ಬೇರೆ ಟ್ರ್ಯಾಪ್ ಹಾಕಿರಲಿಲ್ಲ. ಇದು ನಡೆಯುವ ವ್ಯವಸ್ಥೆಯೇ, ಪೈಪಿನ ತುದಿ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಮೇಲೆ ಇದ್ದರೆ. ಇಲ್ಲಿ ತುದಿ ನೀರಿನಲ್ಲಿ ಮುಳುಗಿತ್ತು, ಜೊತೆಗೆ ಪೈಪು ನಡುವೆ ಜೋತು ತಾನೇ ಇನ್ನೊಂದು ಟ್ರ್ಯಾಪ್ ಆಗಿತ್ತು. ಎರಡು ನೀರಿನ ನಡುವೆ ಸಿಕ್ಕಿದ ಗಾಳಿಗೆ ಹೋಗಲು ದಾರಿ ಇಲ್ಲ, ಬೇಸಿನ್ ತಡೆತಡೆದು ಖಾಲಿಯಾಗುತ್ತದೆ. ಮೇಲಿನ ನಟ್ ಬಿಚ್ಚಿ, ಪೈಪನ್ನು ನೇರ ಇಳಿಸಿ, ತುದಿಯ ನಯ ಭಾಗವನ್ನು ನೀರಿಗಿಂತ 25 ಮಿ.ಮೀ ಮೇಲೆ ನಿಲ್ಲುವಂತೆ ಗಿಡ್ಡ ಮಾಡಿದ್ದಷ್ಟೇ ಕೆಲಸ. ಜಾಲಿಯ ತೂತಿಗೆ ರಬ್ಬರ್ ರಿಂಗ್. ಜಿರಳೆ ಬರುವುದು ಆ ಸಂದಿಯಿಂದ. ಬೇಸಿನ್ ಕೆಳಗೆ ಬಾಟಲ್ ಟ್ರ್ಯಾಪ್ (ಬಾಟಲಿಯಾಕಾರದ ಟ್ರ್ಯಾಪ್) ಇದ್ದ ಪಕ್ಷದಲ್ಲಿ ಜಾಲಿಯನ್ನು ಗಾಳಿಯಾಡದಂತೆ ಮುಚ್ಚಬಾರದು, ಮತ್ತೆ ಅದೇ ಗಾಳಿ ಕಟ್ಟುವ ತಕರಾರು.

ಬೇಸಿನ್ನಿನಲ್ಲಿ ಕಟ್ಟುವುದು ಕೂದಲು. ನೆರಿಗೆ ಪೈಪಿಗೆ ಸ್ಪ್ರಿಂಗ್ ತಂತಿ ಹಾಕಿ ತಿರುಗಿಸಬೇಡಿ. ತಂತಿಯ ಮೂತಿ ಮಡಿಕೆಗೆ ಸಿಕ್ಕಿಕೊಂಡು ತೆಳು ಗೋಡೆಯನ್ನು ಹರಿದು ಹಾಕುತ್ತದೆ. ಕಾಸ್ಟಿಕ್ ಪುಡಿಯೂ ಬೇಡ. ಅದು ನೀರು ತಾಗಿದರೆ ಜೋರಾಗಿ ಬಿಸಿಯಾಗುತ್ತದೆ, ಪೂರ್ತಿ ಕರಗದೆ ಮಡಿಕೆಗಳಲ್ಲೇ ಕೂರುತ್ತದೆ, ಮುಂದೆ ಬಿಚ್ಚುವವರ ಕೈಗೂ ಕಣ್ಣಿಗೂ ಹಾರುತ್ತದೆ. ಎರಡು ನಟ್ ಬಿಚ್ಚಿ ಬಕೆಟ್ಟಿನಲ್ಲಿ ಬಾಟಲ್ ಬ್ರಷ್ಷಿನಿಂದ ತೊಳೆಯಲು ಹತ್ತು ನಿಮಿಷ ಸಾಕು. ತೊಳೆದರೂ ನಾತ ಹೋಗದಿದ್ದರೆ ಪೈಪನ್ನೇ ಬದಲಿಸಿ.

ವಾಷಿಂಗ್ ಮಷೀನಿನ ಹೋಸ್ ನೋಡಲು ಇದರ ತಮ್ಮನಂತಿದ್ದರೂ ಅದರಲ್ಲಿ ನೀರನ್ನು ತಳ್ಳುವುದು ಪಂಪು. ಹಾಗಾಗಿ ಮೇಲೆ ಹತ್ತಿದರೂ ಅಡ್ಡಿಯಿಲ್ಲ, ಹತ್ತಲೇಬೇಕು. ಹೆಚ್ಚಿನ ಮಷೀನುಗಳಿಗೆ ಹೋಸಿನ ಬಾಯಿ ನೆಲದಿಂದ 60ರಿಂದ 100 ಸೆಂ.ಮೀ ಎತ್ತರದಲ್ಲಿರಬೇಕು, ನಿಖರ ಅಂಕಿ ಅದರ ಕೈಪಿಡಿಯಲ್ಲಿ ಇರುತ್ತದೆ. ಇಲ್ಲಿ ಹೋಸನ್ನು ನೆಲದ ಮೇಲೆ ಎಳೆದು ಜಾಲಿಗೆ ಬಿಟ್ಟಿದ್ದರು. ಕೆಲವು ಮಷೀನುಗಳಲ್ಲಿ ಹೀಗಾದರೆ ತುಂಬುತ್ತಿರುವ ನೀರು ಸೈಫನ್ ಆಗಿ, ಅಂದರೆ ಪಂಪಿಲ್ಲದೆ ತಾನೇ ಎಳೆದುಕೊಂಡು, ಅದೇ ಹೊತ್ತಿಗೆ ಹೊರಹೋಗುತ್ತದೆ, ಮಷೀನು ಗಂಟೆಗಟ್ಟಲೆ ತುಂಬುತ್ತಲೇ ಇರುತ್ತದೆ, ಜನ ನೀರಿನ ವಾಲ್ವ್ ಕೆಟ್ಟಿದೆ ಎಂದು ಬದಲಿಸುತ್ತಾರೆ. ಗೋಡೆಗೆ 50 ಮಿ.ಮೀ ನಿಲುಪೈಪು ಹಿಡಿಸಿ, ಹೋಸನ್ನು ಅದರ ಬಾಯಿಗೆ 15 ಸೆಂ.ಮೀ ಒಳಗೆ ಕೊಕ್ಕೆಯಂತೆ ಇಳಿಬಿಟ್ಟದ್ದಾಯಿತು. ಸುತ್ತಲಿನ ಸಂದಿಯನ್ನು ಟೇಪಿನಿಂದ ಮುಚ್ಚಬಾರದು, ಸೈಫನ್ ಮುರಿಯುವುದು ಆ ಸಂದಿಯ ಗಾಳಿಯೇ. ಹೋಸ್ ಉದ್ದ ಸಾಲದಿದ್ದರೆ ಒಳಗೆ ಹೋಗುವ ಗಟ್ಟಿ ಕನೆಕ್ಟರ್, ಎರಡೂ ಕಡೆ ಒಂದೊಂದು ಕ್ಲಿಪ್. ಬರೀ ಒಂದರೊಳಗೊಂದು ತುರುಕಿದ ಹೋಸು ಪಂಪಿನ ಒತ್ತಡಕ್ಕೆ ಒಂದಲ್ಲ ಒಂದು ದಿನ ಹಾರುತ್ತದೆ.

ಇಲಿ ಓಡಾಡುವ ಜಾಗದಲ್ಲಿ ಮಾತ್ರ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಜಿಡ್ಡಿನ ವಾಸನೆಗೆ ಅವು ತೆಳು ನೆರಿಗೆಯನ್ನು ಕಡಿಯುತ್ತವೆ. ಅಕ್ಕಪಕ್ಕ ಜೋಡಿ ಗೀರು, ತಳದಲ್ಲಿ ಅಂಚು ಹರಿದ ತೂತು ಕಂಡರೆ ಅದೇ. ಅದಕ್ಕೆ ಟೇಪು, ಎಂ-ಸೀಲ್ ಹಚ್ಚಿ ಕೂರಬೇಡಿ, ಬಗ್ಗುವ ಮೈಯ ಮೇಲೆ ಗಟ್ಟಿ ಲೇಪ ನಿಲ್ಲುವುದಿಲ್ಲ. ಗೋಡೆಯ ಬಾಯಿಯನ್ನು ಸರಿಸಿಯಾದರೂ ಪೂರ್ತಿ ಗಟ್ಟಿ ಪೈಪಿಗೆ ಹೋಗಬೇಕು. ಗೋಡೆಯೊಳಗೆ, ಟೈಲ್ಸಿನ ಅಡಿಗೆ ಹೂತುಹೋಗುವ ಜಾಗಕ್ಕೂ ಇದೇ ಮಾತು.

ಒಂದು ವಾರದ ನಂತರ

ದಿನಪತ್ರಿಕೆ ಒಣ. ಮಾರ್ಕರ್ ಗೆರೆ ಎಲ್ಬೋ ಕಡೆ ಇದ್ದಲ್ಲೇ ಇತ್ತು, ಕಪ್ಲರ್ ಕಡೆ ನಟ್ಟಿನಿಂದ 2 ಮಿ.ಮೀ ಹೊರಗೆ ಬಂದಿತ್ತು. ಸೋರಿಕೆ ಇಲ್ಲ, ಆದರೆ ಪೈಪು ತೆವಳುತ್ತಿದೆ ಎಂದರ್ಥ. 30 ಮಿ.ಮೀ ಒಳಗಿದ್ದದ್ದು 28 ಆಗಿದೆ, ಹೀಗೇ ಬಿಟ್ಟರೆ ಯಾವಾಗಲೋ ವಾಷರಿನ ಅಂಚಿಗೆ ಬಂದು, ತುಂಬಿದ ಸಿಂಕ್ ಬಿಟ್ಟ ಗಳಿಗೆಯಲ್ಲಿ ಕಳಚುತ್ತದೆ. ನಟ್ ಸಡಿಲಿಸಿ, ಗೆರೆ ಕಾಣದಂತೆ ಒಳಗೆ ತಳ್ಳಿ, ಮತ್ತೆ ಬಿಗಿದು, ಕ್ಲಾಂಪನ್ನು ಕಪ್ಲರಿನ ಇನ್ನೂ ಹತ್ತಿರಕ್ಕೆ ಸರಿಸಿದ್ದಾಯಿತು. ಹೊಸ ಗೆರೆ. ಎರಡನೇ ವಾರ ನೋಡಿದಾಗ ಅದು ಕದಲಿರಲಿಲ್ಲ.